ಕಣ್ಣಿನ ಪಟ್ಟಿ ಬಿಚ್ಚಿ ಓದು

ಶಹಾಪುರ
೧೨ ಫೆಬ್ರವರಿ ೨೦೨೫

ಸುರಪುರದ ಶಾಂತಕುಮಾರನಿಗೆ,

ಕಣ್ಣಿನ ಪಟ್ಟಿ ಬಿಚ್ಚಿ ಇದನ್ನು ನೀನೇ ಓದು. ಬೇರೆ ಯಾರಾದರೂ ನಿನಗೆ ಓದಿ ಹೇಳುತ್ತಿದ್ದರೆ ಅವರು ಇಲ್ಲಿಗೇ ನಿಲ್ಲಿಸಿ ಕಾಗದವನ್ನು ನಿನ್ನ ಕೈಗೆ ಕೊಡಲಿ. ಕಾಗದ ತರುವ ಸುಲ್ತಾನಸಾಬರಿಗೂ ಹಾಗೆಂದೇ ಹೇಳಿ ಕಳಿಸುತ್ತಿದ್ದೇನೆ. ಇದರಲ್ಲಿ ಬರೆದ ಕೆಲವು ಮಾತು ಪರರ ಬಾಯಿಂದ ಕೇಳಲು ನಿನಗೇ ನಾಚಿಕೆಯಾಗಬಹುದು. ನಾಚಿಕೆ ಎನ್ನುವುದು ನಿನ್ನಲ್ಲಿ ಇನ್ನೂ ಉಳಿದಿದ್ದರೆ.

ಮದುವೆಯಾದ ದಿನದಿಂದ ನಿನ್ನನ್ನು ನೀವು ಎಂದೇ ಕರೆದೆ. ಏಟು ತಿನ್ನುವಾಗಲೂ "ಬಿಡ್ರಿ, ಸಾಕ್ರಿ" ಎಂದು ಮರ್ಯಾದೆಯಿಂದಲೇ ಅತ್ತೆ. ಇನ್ನು ನನ್ನ ಕೈಲಾಗದು. ಈ ಪತ್ರದಲ್ಲಿ ನೀನು ಬರೀ ನೀನು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಹತ್ತು ಬೈಯುತ್ತೀ. ಕಾಗದವನ್ನು ಎಷ್ಟು ಬೈದರೂ ಅದು ತನ್ನ ಮಾತು ಮುಗಿಸಿಯೇ ಸುಮ್ಮನಾಗುತ್ತದೆ.

ಸುಲ್ತಾನಸಾಬರು ನಿನ್ನೆ ಬಂದಿದ್ದರು. ನಿಮ್ಮಪ್ಪನ ಕಾಲದಿಂದ ನಿಮ್ಮ ಅಂಗಡಿಗೆ ಯಾದಗಿರಿಯಿಂದ ಸ್ಟೀಲಿನ ಪಾತ್ರೆ ತಂದುಹಾಕುವ ಹಿರಿಯರು ಎಂದು ಅವ್ವ ಕುರ್ಚಿ ಹಾಕಿ ಕೂರಿಸಿದಳು. ಚಹಾ ಮುಟ್ಟದೆ ನಿನ್ನ ಮಾತು ಹೇಳಿದರು. "ಕಣ್ಣು ಹೋಗ್ಯಾವ ಅಂತ ಪಟ್ಟಿ ಕಟಗೊಂಡು ಮಲಗ್ಯಾನ ಬೇಟಿ. ತಂಗೀನ್ನ ಕಳಿಸಿದ್ರ ಕೇಸ್ ಹಾಕಂಗಿಲ್ಲಂತ. ಕಳಸಲಿಲ್ಲಂದ್ರ ನಿನ್ನ ಜೇಲಿಗಿ ಹಾಕಸ್ತೀನಿ ಅನ್ನಾಕತ್ತಾನ." ನಿನ್ನ ತಂಗಿ ಮೌನೇಶ್ವರಿ ಒಳಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಹಾಗಾಗಿ ಉತ್ತರ ಬರೆಯುತ್ತಿದ್ದೇನೆ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಮೌನೇಶ್ವರಿ ಬರುವುದಿಲ್ಲ. ಈ ಎರಡರಲ್ಲಿ ಒಂದನ್ನು ಕೇಳಿ ನೀನು ಸಂತೋಷಪಡಬೇಕು, ಇನ್ನೊಂದನ್ನು ಕೇಳಿ ಸಿಟ್ಟಿನಿಂದ ಕುಣಿದಾಡುತ್ತೀ. ಕುಣಿಯುವ ಮೊದಲು ಪೂರ್ತಿ ಓದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯಬೇಕಾಗಿದೆ, ಏಕೆಂದರೆ ನೀನು ಅದನ್ನು ಊರೆಲ್ಲ ಬೇರೆಯೇ ಮಾಡಿ ಹೇಳಿಕೊಂಡು ಬಂದಿದ್ದೀ. ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಹೆಸರು ಹಾಕಿಸದೆ ಕೊಡುವುದಿಲ್ಲ. ಸೋದರಮಾವ ಕೊಟ್ಟ ಕೊಡದ ಮೇಲೆ ಸೋದರಮಾವನ ಹೆಸರಿರಬೇಕು, ಗೆಳತಿ ಕೊಟ್ಟ ತಾಟಿನ ಅಂಚಿನಲ್ಲಿ ಗೆಳತಿಯ ಹೆಸರು. ನಿಮ್ಮಪ್ಪ ಆ ಹೆಸರುಗಳನ್ನು ಗರ್ ಎನ್ನುವ ಕೈಯಂತ್ರದಿಂದ ಕೊರೆಯುತ್ತಿದ್ದರು. ನಾವಿಬ್ಬರೂ ಲೇಸರ್ ತಂದೆವು. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು, ನೀನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತವನು. ಆಗ ನಮ್ಮಿಬ್ಬರಿಗೂ ಅದರ ಹುಚ್ಚು. ನೀಲಿ ಚುಕ್ಕೆ ಪಾತ್ರೆಯ ಮೇಲೆ ಹರಿದು ಮೊದಲ ಹೆಸರು ಮೂಡಿದಾಗ ನೀನು ನನ್ನನ್ನು ಎತ್ತಿ ತಿರುಗಿಸಿದ್ದೆ. ಆ ದಿನವನ್ನು ನಾನು ಮರೆತಿಲ್ಲ, ಅದಕ್ಕೇ ಇಷ್ಟು ಸಿಟ್ಟು.

ಲೇಸರಿನ ಬೆಳಕು ಹುಟ್ಟಿಸುವ ಆ ಡಯೋಡ್‌ಗಳು ಬಟಾಣಿ ಕಾಳಿನಷ್ಟಿರುತ್ತವೆ. ಡಬ್ಬಿಯ ಮೇಲೆ ಬರೆದ ಕರೆಂಟನ್ನು ನಂಬುವಂತಿಲ್ಲ. ಒಂದು ಸಲ ಬಂದವು ಬರೆದದ್ದಕ್ಕಿಂತ ಹೆಚ್ಚು ತಡೆದುಕೊಳ್ಳುತ್ತವೆ, ಮತ್ತೊಂದು ಸಲದವು ಅರ್ಧದಲ್ಲೇ ಪ್ರಾಣ ಬಿಡುತ್ತವೆ. ಅದಕ್ಕೇ ಕರೆಂಟನ್ನು ಚೂರುಚೂರೇ ಏರಿಸುತ್ತ, ಮೀಟರಿನಲ್ಲಿ ಬೆಳಕನ್ನು ಅಳೆಯುತ್ತ ಹೋಗಬೇಕು. ಒಂದು ಹಂತದಲ್ಲಿ ಬೆಳಕು ಏರುವುದು ನಿಲ್ಲುತ್ತದೆ, ಬಿಸಿ ಮಾತ್ರ ಏರುತ್ತದೆ. ಅಲ್ಲಿ ಕೈ ಹಿಂದೆ ತೆಗೆಯಬೇಕು. ಪ್ರತಿ ಸಲ ಬಂದವುಗಳಲ್ಲಿ ಒಂದನ್ನು ಮಾತ್ರ ಸಾಯುವವರೆಗೂ ಏರಿಸಿ ನೋಡುತ್ತಿದ್ದೆವು, ಉಳಿದವುಗಳನ್ನು ಅದಕ್ಕಿಂತ ಬಹಳ ಕೆಳಗೆ ನಡೆಸಬಹುದೆಂದು. ಅದನ್ನು ಬಲಿ ಎಂದು ಕರೆದವನು ನೀನೇ. ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು ಆಮೇಲೆ ಸ್ವಿಚ್ ಒತ್ತುತ್ತಿದ್ದೆ. ನಾನು ನಗುತ್ತಿದ್ದೆ. ಕಿತ್ತಳೆ ಬಣ್ಣದ ಕನ್ನಡಕ ಇಲ್ಲದೆ ಆ ಮೇಜಿನ ಹತ್ತಿರ ಯಾರೂ ಸುಳಿಯಬಾರದು, ಸುತ್ತ ಕರಿ ಕಂಬಳಿ ಇಳಿಬಿಡಬೇಕು ಎನ್ನುವುದು ನನ್ನ ಕಟ್ಟಪ್ಪಣೆಯಾಗಿತ್ತು. ಅಂಗಡಿಯ ಗೋಡೆ ತುಂಬ ತಾಟುಗಳು, ಸ್ಟೀಲಿನ ತಾಟೆಂದರೆ ಕನ್ನಡಿಯೇ.

ಎದುರಿನವನ ಅಂಗಡಿಗಿಂತ ಬೇಗ ಹೆಸರು ಹಾಕಿಕೊಡಬೇಕೆಂಬ ಚಪಲ ನಿನಗೆ ಯಾವಾಗ ಹತ್ತಿತೋ, ಬಲಿಯಲ್ಲದವನ್ನೂ ಅಂಚಿನವರೆಗೆ ಏರಿಸತೊಡಗಿದೆ. ಸತ್ತವು. ಸತ್ತಾಗಲೆಲ್ಲ ನನಗೆ ಬಿತ್ತು. ಮೊದಲು ಅಂಗೈಯಿಂದ, ಆಮೇಲೆ ಮುಷ್ಟಿಯಿಂದ, ಆಮೇಲೆ ಕೈಗೆ ಸಿಕ್ಕ ತಾಟಿನಿಂದ. ನನ್ನ ಹುಬ್ಬು ಸೀಳಿದ ಆ ತಾಟಿನ ರಕ್ತ ಒರೆಸಿ, ಅದರ ಮೇಲೆ ಯಾರದೋ ಮದುವೆಯ ಹೆಸರು ಹಾಕಿ, ಕಾಗದ ಸುತ್ತಿ ನೀನು ಗಿರಾಕಿಗೆ ಕೊಟ್ಟೆ. ಆ ತಾಟಿನಲ್ಲಿ ಈಗಲೂ ಯಾರೋ ಊಟ ಮಾಡುತ್ತಿರಬಹುದು.

ನನ್ನ ಕಣ್ಣು ಹೋದ ದಿನ ಸೆಕೆಯೆಂದು ನೀನು ಕಂಬಳಿ ಕಿತ್ತೆಸೆದಿದ್ದೆ. ಮೀಟರ್ ನೋಡಿ ನಾನು ಹೇಳಿದೆ, "ಸಾಕ್ರಿ, ಬೆಳಕು ಏರವಲ್ದು. ಇನ್ನಷ್ಟು ಕೊಟ್ರ ಸಾಯ್ತದ." ನಿನಗೆ ಅದು ಅಪಶಕುನವಾಗಿ ಕೇಳಿಸಿತು. "ನಿನ್ನ ಬಾಯಾಗ ಹುಳ ಬೀಳ್ಲಿ" ಎಂದು ಮತ್ತೂ ಏರಿಸಿದೆ. ಚುಕ್ಕೆ ಮಿಣುಕಿತು. "ಹೋಯ್ತು ನೋಡ್ರಿ" ಎಂದೆ. ಅಷ್ಟೇ. ನೀನು ನನ್ನ ಕನ್ನಡಕವನ್ನು ಕಿತ್ತು ಎಸೆದೆ. ಹೆರಳು ಹಿಡಿದು ಮುಖವನ್ನು ಮೇಜಿಗೆ ಒತ್ತಿದೆ. "ಸತ್ತದೋ ಬದುಕ್ಯಾದೋ ಕಣ್ಣು ತೆರದು ಬರೋಬರ್ ನೋಡಿ ಹೇಳು" ಎಂದೆ. ಅದು ಸತ್ತಿರಲಿಲ್ಲ. ನಮ್ಮ ಎಳೆದಾಟದಲ್ಲಿ ಮೇಜು ಅಲುಗಿ ಅದು ಬೆಳಕು ತಡೆಯಲು ಇಟ್ಟಿದ್ದ ಇಟ್ಟಿಗೆಯ ಕಡೆಯಿಂದ ತಾಟುಗಳ ಸಾಲಿನ ಕಡೆಗೆ ತಿರುಗಿತು. ಸದ್ದಿಲ್ಲ, ನೋವಿಲ್ಲ. ತಾಟಿನಿಂದ ನನ್ನ ಎಡಗಣ್ಣಿಗೆ ಫೋಟೋ ತೆಗೆದಂತೆ ಒಂದು ಮಿಂಚು ಅಷ್ಟೇ.

ಆಮೇಲೆ ನಾನು ಮಾಡಿದ್ದನ್ನೂ ಬರೆಯುತ್ತೇನೆ. ಬಿಸಿ ಹೀರಲೆಂದು ಇಟ್ಟಿದ್ದ ಅಲ್ಯುಮಿನಿಯಂ ಗಟ್ಟಿಯನ್ನು ಎತ್ತಿ ನಿನ್ನ ಬಾಯಿಗೆ ಅಪ್ಪಳಿಸಿದೆ. ನಿನ್ನ ಮುಂದಿನ ಹಲ್ಲು ನನ್ನ ಸೆರಗಿಗೆ ಬಂದು ಬಿತ್ತು. ಅದಕ್ಕೆ ನನಗೆ ಅಂದೂ ಬೇಸರವಿರಲಿಲ್ಲ, ಇಂದೂ ಇಲ್ಲ. ನೀನು ಬಾಯಿಂದ ರಕ್ತ ಸುರಿಸಿಕೊಂಡು, ನಾನು ಕಣ್ಣು ಮುಚ್ಚಿಕೊಂಡು ಒಂದೇ ಆಟೋದಲ್ಲಿ ದವಾಖಾನೆಗೆ ಹೋದೆವು, ನೆನಪಿದೆಯೇ? ನೀನು ಬಚ್ಚಲಲ್ಲಿ ಜಾರಿ ಬಿದ್ದೆ ಎಂದೆ. ನಾನು ಗ್ರಹಣ ನೋಡಿದ್ದೆ ಎನ್ನಬೇಕೆಂದು ನೀನೇ ದಾರಿಯಲ್ಲಿ ಹೇಳಿಕೊಟ್ಟಿದ್ದೆ. ಕಣ್ಣಿನ ಡಾಕ್ಟರಮ್ಮ ದೀಪ ಆರಿಸಿ ಕೇಳಿದಳು, "ಯಾವ ಗ್ರಹಣಮ್ಮಾ? ಈ ವರ್ಷ ನಮ್ಮ ಕಡೆ ಗ್ರಹಣಾನೇ ಕಂಡಿಲ್ಲಲ್ಲ." ಆಕೆ ಬಾಗಿಲ ಕಡೆ ನೋಡಿದಳು, ಅಲ್ಲಿ ನೀನಿದ್ದೆ.

ಬಲಗಣ್ಣು ಮುಚ್ಚಿದರೆ ಈಗ ನನಗೆ ಜಗತ್ತಿನ ಅಂಚು ಮಾತ್ರ ಕಾಣುತ್ತದೆ. ನಡುವೆ ತೂತು. ಎದುರಿಗೆ ನಿಂತವರ ಕಿವಿ, ಭುಜ, ಬಾಗಿಲ ಚೌಕಟ್ಟು ಕಾಣುತ್ತದೆ, ಮುಖ ಇರುವುದಿಲ್ಲ. ನೀನು ಕನಸಿನಲ್ಲಿ ಬಂದರೂ ಹಾಗೆಯೇ ಬರುತ್ತೀ. ಅದೊಂದೇ ನನಗಾದ ಲಾಭ.

ನಾನು ಗಂಟುಮೂಟೆ ಕಟ್ಟಿ ತವರಿಗೆ ಬರುವಾಗ ಮೌನೇಶ್ವರಿಯನ್ನೂ ಕರೆದಿದ್ದೆ. ನೀನು ಅವಳ ರಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತೆ. ಮನೆಯ ಹುಡುಗಿ ಮನೆಯಲ್ಲೇ ಇರಲಿ ಎಂದೆ. ಮರುದಿನವೇ ಅವಳನ್ನು ನನ್ನ ಜಾಗದಲ್ಲಿ, ಅದೇ ಮೇಜಿನ ಮುಂದೆ ಕೂರಿಸಿದೆಯಂತೆ. ಅವಳಿಗೆ ಕನ್ನಡಕವನ್ನೂ ಕೊಡಲಿಲ್ಲವಂತೆ, ಕನ್ನಡಕ ಹಾಕಿದರೆ ಚುಕ್ಕೆ ಸರಿಯಾಗಿ ಕಾಣುವುದಿಲ್ಲವೆಂದು.

ಕಳೆದ ತಿಂಗಳು ಅವಳು ಇಲ್ಲಿಗೆ ಬಂದಳು. ಓಣಿಯನ್ನು ಓಡುತ್ತ ದಾಟಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಅವ್ವ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟರೆ ಎಡಗೈಯಿಂದ ತಿಂದಳು. ನಮ್ಮವ್ವ ಮಲ್ಲಾಬಾಯಿ ಎಂಥ ಹೆಂಗಸು ಎಂದು ನಿನಗೆ ಗೊತ್ತು, ಎಡಗೈ ಊಟ ಕಂಡರೆ ತಾಟು ಕಸಿದುಕೊಳ್ಳುವವಳು. ಆ ದಿನ ಏನೂ ಅನ್ನದೆ ದುಪ್ಪಟ್ಟಾ ಸರಿಸಿ ನೋಡಿದಳು. ಬಲ ಮುಂಗೈಯಿಂದ ಮೊಣಕೈವರೆಗೆ ಒಂದು ಗೆರೆ. ಸ್ಕೇಲ್ ಇಟ್ಟು ಎಳೆದಷ್ಟು ನೇರ. ಚರ್ಮ ಕಪ್ಪಾಗಿ ಬಾಯಿ ಬಿಟ್ಟಿತ್ತು. "ನನ್ನ ಕೈಯಾಗ ಒಂದು ಡಯೋಡ್ ಸತ್ತಿತು ವೈನಿ. ಮೇಜಿಗಿ ಕೈ ಒತ್ತಿ ಹಿಡದು ಇನ್ನೊಂದರಿಂದ ಎಳದ" ಎಂದಳು. ನೀನು ಎಳೆಯುವಾಗ ಏನು ಹೇಳಿದೆ ಎಂದೂ ಹೇಳಿದಳು. ಈ ಡಯೋಡ್ ಎಷ್ಟು ಚೆನ್ನಾಗಿ ಸುಡುತ್ತದೆ ನೋಡೋಣ ಎಂದೆಯಂತೆ. ಅವ್ವ ಆ ರಾತ್ರಿ ಊಟ ಮಾಡಲಿಲ್ಲ.

ಇಲ್ಲಿ ಬಸ್ ನಿಲ್ದಾಣದ ಹಿಂದಿನ ನಮ್ಮ ಮನೆಯ ಸಣ್ಣ ಕೋಣೆಯಲ್ಲಿ ನಾನು ಅದೇ ಕೆಲಸ ಮಾಡುತ್ತೇನೆ. ಕೆಲವು ದಿನ ಕಳೆದ ಮೇಲೆ ಮೌನೇಶ್ವರಿ ತಾನೂ ಕೂರುತ್ತೇನೆಂದಳು. ಬೇಡವೆಂದರೂ ಹಟ ಬಿಡಲಿಲ್ಲ. ಕನ್ನಡಕ ಕಟ್ಟಿ, ಕಂಬಳಿ ಇಳಿಬಿಟ್ಟು ಕೂರಿಸಿದೆ. ಅವಳ ಕೈ ನಿನ್ನದಕ್ಕಿಂತ ಹಗುರ. ನಿಮ್ಮಪ್ಪನ ಕೈ ಅವಳಿಗೆ ಬಂದಿದೆ, ನಿನಗಲ್ಲ.

ಆಮೇಲೆ ನೀನು ಬಂದೆ. ಮಟಮಟ ಮಧ್ಯಾಹ್ನ, ಅವ್ವ ಹೊಸ್ತಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ನಿನ್ನ ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು. ನಿಮ್ಮ ಕಾಕನ ಮಗ ನಿಂಗರಾಜ ಬೈಕ್ ಆರಿಸದೆ ಓಣಿಯಲ್ಲೇ ನಿಂತಿದ್ದ. "ಎಲ್ಲದಾಳ ಆಕಿ? ಹೊರಗ ಹಾಕ್ತೀರೋ, ಇಲ್ಲಾ ಮನಿಗಿ ಬೆಂಕಿ ಹಚ್ಲೋ?" ಎಂದು ಓಣಿಗೆಲ್ಲ ಕೇಳುವಂತೆ ಅರಚಿದೆ. ಅವ್ವ ಮೊರ ಹಿಡಿದೇ ಎದ್ದು ಅಡ್ಡ ನಿಂತಳು. "ಮೊದಲ ನನ್ನ ಕೆಡವು, ಆಮ್ಯಾಲ ಒಳಗ ಹೋಗು" ಎಂದಳು. ನೀನು ಕೆಡವಿದೆ. ಸಲಾಕೆ ಅವಳ ಮುಂಗೈಗೆ ಬಿದ್ದಾಗ ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ತೊಗರಿ ಅಂಗಳದ ತುಂಬ ಚೆಲ್ಲಿತು. ಮುದುಕಿಯನ್ನು ದಾಟಿ ಒಳಗೆ ಬಂದೆ. ನಾನು ಹಿಡಿದುಕೊಳ್ಳಲು ಬಂದಾಗ ಸಲಾಕೆಯ ತುದಿಯಿಂದ ನನ್ನ ಹೊಟ್ಟೆಗೆ ತಿವಿದೆ. ಉಸಿರು ನಿಂತು ನಾನು ಮೇಜಿಗೆ ಒರಗಿದೆ. ನೀನು ಮೌನೇಶ್ವರಿಯ ಕನ್ನಡಕ ಕಿತ್ತೆ, ಕಾಲಲ್ಲಿ ತುಳಿದೆ, ಜಡೆ ಹಿಡಿದು ನೆಲದ ಮೇಲೆ ಎಳೆದುಕೊಂಡು ಹೊರಟೆ. ಅವಳು ಸುಟ್ಟ ಕೈಯಿಂದಲೇ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನೀನು ಆ ಗಾಯದ ಮೇಲೆ ಸಲಾಕೆ ಎತ್ತಿದೆ.

ಆಗ ನಾನು ಮೇಜಿನ ಮೇಲಿದ್ದ ಲೇಸರನ್ನು, ವೈರಿನ ಸಮೇತ, ಎತ್ತಿಕೊಂಡೆ. ಶಾಂತಕುಮಾರಾ ಎಂದು ಕೂಗಿದೆ. ಮೊದಲ ಸಲ ನಿನ್ನ ಹೆಸರು ಹಿಡಿದು ಕರೆದದ್ದಕ್ಕೋ ಏನೋ, ನೀನು ತಿರುಗಿ ನೋಡಿದೆ. ನಾನು ಸ್ವಿಚ್ ಒತ್ತಿದೆ. ನಿನ್ನ ಮುಖವೆಲ್ಲ ನೀಲಿಯಾಯಿತು.

ಸಲಾಕೆ ಬಿತ್ತು. ನೀನು ಜಡೆ ಬಿಟ್ಟೆ. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು "ಕಣ್ಣು ಹೋದ್ವಲೋ ನಿಂಗ್ಯಾ, ಕಣ್ಣು ಸುಟ್ಟಳಲೋ" ಎಂದು ಹೊಯ್ಕೊಳ್ಳುತ್ತ ಮೆಟ್ಟಿಲಿಳಿಯಲು ಹೋಗಿ ಗಟಾರದಲ್ಲಿ ಬಿದ್ದೆ. ನಿಂಗರಾಜ ನಿನ್ನನ್ನು ಚೀಲದಂತೆ ಬೈಕಿನ ಮೇಲೆ ಹಾಕಿಕೊಂಡು ಹೋದ. ಓಣಿಯ ಹೆಂಗಸರು ನಕ್ಕರು. ನಮಗೆ ನಗು ಬರಲಿಲ್ಲ, ಅವ್ವನ ಕೈ ಆಗಲೇ ಬಾತು ಬಂದಿತ್ತು.

ಈಗ ಕೇಳು. ಅವತ್ತು ನನ್ನ ಕೈಯಲ್ಲಿದ್ದದ್ದು ಸತ್ತ ಡಯೋಡ್. ಕರೆಂಟ್ ಹೆಚ್ಚಾಗಿ ಸತ್ತದ್ದು ಕತ್ತಲಾಗುವುದಿಲ್ಲ, ನೀಲಿಯಾಗಿ ಹೊಳೆಯುತ್ತಲೇ ಇರುತ್ತದೆ ಎಂದು ನಿನಗೂ ಗೊತ್ತು. ಬರೀ ದೀಪ. ಕಣ್ಣು ಕೋರೈಸಬಹುದು, ಸುಡುವ ಕಸುವು ಇರುವುದಿಲ್ಲ. ನಿನ್ನನ್ನು ಹೆದರಿಸಲೆಂದೇ ಗೊತ್ತಿದ್ದು ಸತ್ತದ್ದನ್ನು ಎತ್ತಿಕೊಂಡೆ. ಕಣ್ಣು ಹೋಗುವುದೆಂದರೆ ಏನೆಂದು ತಿಳಿದವಳು ನಾನು, ಅದನ್ನು ಹಗೆಯವನಿಗೂ ಮಾಡುವವಳಲ್ಲ. ಎಷ್ಟೊಂದು ಡಯೋಡ್‌ಗಳನ್ನು ಕೈಯಾರೆ ಕೊಂದವನು ಸತ್ತದ್ದರ ಗುರುತು ಹಿಡಿಯದೆ ಎಂಟು ದಿನದಿಂದ ಪಟ್ಟಿ ಕಟ್ಟಿಕೊಂಡು ಮಲಗಿದ್ದೀಯಲ್ಲ! ಡಾಕ್ಟರ ಹತ್ತಿರ ಹೋಗಲು ನಿನಗೆ ಹೆದರಿಕೆ, ಹೇಗಾಯಿತೆಂದು ಕೇಳುತ್ತಾರೆ. ಪಟ್ಟಿ ಕಟ್ಟಿಕೊಂಡರೆ ಯಾರಿಗಾದರೂ ಕತ್ತಲೆಯೇ ಕಾಣುತ್ತದೆ. ಈ ಸಾಲು ಓದುತ್ತಿದ್ದೀಯಾದರೆ ನಿನ್ನ ಕೇಸು ಇಲ್ಲಿಗೇ ಮುಗಿಯಿತು.

ನಮ್ಮ ಕೇಸು ಮುಗಿದಿಲ್ಲ. ಅವ್ವನ ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ನಿನ್ನೆ ಸುಲ್ತಾನಸಾಬರು ನಿನ್ನ ಮಾತು ಮುಗಿಸಿದಾಗ ನಾನು ಉತ್ತರ ಕೊಡಲು ಬಾಯಿ ತೆರೆದೆ, ಅಷ್ಟರಲ್ಲಿ ಮೌನೇಶ್ವರಿ ತಾನೇ ಹೊರಗೆ ಬಂದಳು. ತೋಳು ಮೇಲೆ ಮಾಡಿ ಅವರಿಗೆ ಗೆರೆ ತೋರಿಸಿದಳು. "ನಾ ಬರಂಗಿಲ್ಲ ಕಾಕಾ. ಅಂವ ಕಾಲಿಗಿ ಬಿದ್ರೂ ಬರಂಗಿಲ್ಲ, ಕಡದು ಹಾಕ್ತೀನಿ ಅಂದ್ರೂ ಬರಂಗಿಲ್ಲ" ಎಂದಳು. ಸುಲ್ತಾನಸಾಬರು ಬಗ್ಗಿ ಆ ಕೈ ನೋಡಿದರು. "ಇದು ನನಗ ಹೇಳಿದ್ದಿಲ್ಲ ಅಂವ" ಎಂದರು. ಆಮೇಲೆ ಠಾಣೆಗೆ ನಮ್ಮ ಜೊತೆ ಅವರೇ ಬಂದರು. ದೂರು ಕೊಟ್ಟವಳು ಮೌನೇಶ್ವರಿ, ಸಹಿ ಅವಳದೇ. ಗ್ರಹಣದ ಸುಳ್ಳನ್ನು ನಾನೂ ಅಲ್ಲೇ ಬಿಡಿಸಿ ಹೇಳಿದೆ.

ಪಾತ್ರೆ ತುಂಬಿದ ನಿನ್ನ ಅಂಗಡಿ ನಿನಗೇ ಇರಲಿ. ತಂಗಿಯನ್ನು ಕೇಳಬೇಡ.

ಒಂದೇ ಕಣ್ಣಿನಿಂದ ಇಷ್ಟನ್ನೂ ಬರೆದ,
ದೇವಿಕಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆಗೆ ಹಾಕುವ ಮೊದಲು ಪತ್ರವನ್ನು ಮೌನೇಶ್ವರಿಗೆ ಓದಿ ಹೇಳಿದೆ. ಸತ್ತ ಡಯೋಡ್ ಎನ್ನುವಲ್ಲಿಗೆ ಬರುತ್ತಲೇ ಅವಳು ಅಳತೊಡಗಿದಳು. ಸತ್ತದ್ದೆಂದು ಗೊತ್ತಿದ್ದೇ ಎತ್ತಿಕೊಂಡೆ ಎಂದು ಬರೆದದ್ದು ಸುಳ್ಳು. ಅದು ಅವತ್ತಿನ ಕೆಲಸಕ್ಕೆಂದು ವೈರಿಗೆ ಸಿಕ್ಕಿಸಿಟ್ಟ ಒಳ್ಳೆಯ ಡಯೋಡ್ ಎಂದೇ ನಾನು ತಿಳಿದಿದ್ದೆ. ನಿನ್ನ ಎರಡೂ ಕಣ್ಣು ಸುಟ್ಟುಹೋಗಲಿ ಎಂದೇ ಸ್ವಿಚ್ ಒತ್ತಿದೆ. ನೀನು ಹೋದ ಮೇಲೆ ಕಾಗದಕ್ಕೆ ಹಿಡಿದು ನೋಡಿದರೆ ಕಾಗದ ಬೆಚ್ಚಗೂ ಆಗಲಿಲ್ಲ, ಅದು ಸತ್ತದ್ದೆಂದು ಆಗಲೇ ಗೊತ್ತಾಯಿತು. ಅದು ಯಾವಾಗ ಸತ್ತಿತು ಎಂಬುದು ಇವತ್ತಿನವರೆಗೂ ನನಗೆ ತಿಳಿದಿರಲಿಲ್ಲ. "ಮುಂಜಾನಿ ನನ್ನ ಕೈಯಾಗ ಸತ್ತಿತ್ತು ವೈನಿ. ಕರೆಂಟ್ ಸ್ವಲ್ಪ ಜಾಸ್ತಿ ಆತು. ನೀವೂ ಹೊಡೀತೀರಿ ಅಂತ ಅಂಜಿ, ಬರೋಬರ್ ಅದ ಅಂತ ಸುಳ್ಳು ಹೇಳಿ ಹಂಗಽ ಸಿಕ್ಕಿಸಿಟ್ಟೆ" ಎಂದಳು. ನೀನು ಹೊಡೆದು ಹೊಡೆದು ಅವಳಲ್ಲಿ ತುಂಬಿದ ಅಂಜಿಕೆಯೇ ನಿನ್ನ ಕಣ್ಣು ಉಳಿಸಿದೆ. ಅವಳನ್ನು ತಬ್ಬಿಕೊಂಡು, ಇಲ್ಲಿ ಯಾರೂ ಹೊಡೆಯುವುದಿಲ್ಲ, ಸತ್ತರೆ ಸತ್ತಿತೆಂದು ಹೇಳು ಎಂದಿದ್ದೇನೆ. ಇನ್ನು ಮೇಲೆ ಹೇಳುತ್ತಾಳೆ. ಇನ್ನು ಮೇಲೆ ನನ್ನ ಮೇಜಿನ ಮೇಲೆ ಸತ್ತದ್ದು ಒಂದೂ ಇರುವುದಿಲ್ಲ. ಮತ್ತೆ ಈ ಬಾಗಿಲಿಗೆ ಬರಬೇಡ.